ವಾಸನೆ ಹೋದ ಮೇಲಿನ ಅಡುಗೆ

ಹಳಸಿದ ಚಟ್ನಿಯನ್ನು ಎಂಟು ಮೇಜಿಗೂ ಕಳಿಸಿದ ದಿನ ನನ್ನ ಗುಟ್ಟು ಬಯಲಾಯಿತು. ಮೇ ತಿಂಗಳು. ವಡೋದರಾದ ಗೋರ್ವಾದಲ್ಲಿ ಮೇ ತಿಂಗಳೆಂದರೆ ಬೆಳಗ್ಗೆ ಎಂಟಕ್ಕೇ ತಗಡಿನ ಮಾಡು ಕಾದು, ಅಡುಗೆಮನೆಯಲ್ಲಿ ನಿಂತವರ ನೆತ್ತಿ ಸುಡತೊಡಗುತ್ತದೆ. ಅಂಥ ಸೆಕೆಯಲ್ಲಿ ತೆಂಗಿನಕಾಯಿ ಚಟ್ನಿ ಎರಡು ಗಂಟೆ ತಡೆದರೆ ಹೆಚ್ಚು. ನಾನು ರುಬ್ಬಿದ್ದು ಆರಕ್ಕೆ, ಫ್ರಿಜ್ಜಿನಿಂದ ತೆಗೆದು ಬಡಿಸಲು ಕೊಟ್ಟದ್ದು ಒಂಬತ್ತೂವರೆಗೆ. ನಡುವೆ ಕರೆಂಟು ಹೋಗಿದ್ದು ಗೊತ್ತಿತ್ತು, ಎಷ್ಟು ಹೊತ್ತು ಹೋಗಿತ್ತು ಎಂಬುದು ಕೆಲಸದ ಗಡಿಬಿಡಿಯಲ್ಲಿ ಗಮನಕ್ಕೆ ಬರಲಿಲ್ಲ.

ನಮ್ಮ ಹೋಟೆಲು ಚಿಕ್ಕದು. ಹಿಂದುಗಡೆಯ ಕಾರ್ಖಾನೆಗಳ ಜನ ಶಿಫ್ಟಿಗೆ ಹೋಗುವಾಗ, ಬರುವಾಗ ಇಡ್ಲಿ, ದೋಸೆ ತಿಂದು ಹೋಗುವ ಜಾಗ. ಅಲ್ಲಿನ ಒಬ್ಬರು ಸೂಪರ್‌ವೈಸರ್, ಹದಿನೈದು ವರ್ಷದಿಂದ ನಮ್ಮಲ್ಲೇ ನಾಷ್ಟಾ ಮಾಡುವ ಗುಜರಾತಿ, ಆ ದಿನ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೇ ಬಂದರು. ಕೂಗಾಡಲಿಲ್ಲ. ಇಲ್ಲಿಯವರಿಗೆ ದಕ್ಷಿಣದ ಹೋಟೆಲಿನವರೆಲ್ಲ ಅಣ್ಣಂದಿರೇ. "ಅಣ್ಣಾ, ಆಜ್ ಚಟ್ನಿ ಖರಾಬ್ ಹೋ ಗಯೀ ಹೈ," ಎಂದರು, ಬೇರೆಯವರಿಗೆ ಕೇಳದ ಹಾಗೆ.

ನಾನು ಪಾತ್ರೆ ಎತ್ತಿ ಮೂಗಿನ ಹತ್ತಿರ ಹಿಡಿದೆ. ಏನೂ ಇಲ್ಲ. ಸ್ಟೀಲಿನ ತಂಪು ಮಾತ್ರ ಮೂಗಿನ ತುದಿಗೆ ತಾಗಿತು. ಗಲ್ಲಾದಲ್ಲಿ ಕೂತಿದ್ದ ಹೆಂಡತಿ ಎದ್ದು ಬಂದವಳು ಬಾಗಿಲಲ್ಲೇ ಮುಖ ತಿರುಗಿಸಿದಳು.

"ಅಯ್ಯೋ ದೇವರೇ, ಇಲ್ಲಿವರೆಗೆ ನಾತ ಬರ್ತಾ ಉಂಟು. ನಿಮ್ಗೆ ಗೊತ್ತೇ ಆಗ್ಲಿಲ್ವಾ?"

ನಾನು ಪಾತ್ರೆಯನ್ನು ಇನ್ನೊಮ್ಮೆ ಮೂಗಿಗೆ ಹಿಡಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಮೂವತ್ತು ವರ್ಷ ಜೊತೆಗಿದ್ದವಳಿಗೆ ಅಷ್ಟು ಸಾಕಾಯಿತು. ಎಂಟು ಮೇಜಿನ ಚಟ್ನಿಯನ್ನೂ ತಾನೇ ಹೋಗಿ ಎತ್ತಿಕೊಂಡು ಬಂದು, ಎಲ್ಲರಿಗೂ ಕೈ ಮುಗಿದು, ಆ ಹೊತ್ತಿನ ವ್ಯಾಪಾರ ನಿಲ್ಲಿಸಿ ಬಾಗಿಲು ಅರ್ಧ ಎಳೆದಳು. ಆಮೇಲೆ ಕೇಳಿದಳು: "ಯಾವತ್ತಿಂದ?"

"ಜ್ವರ ಬಂದು ಹೋದದ್ದಲ್ವಾ, ಅವತ್ತಿಂದ."

ಜ್ವರ ಬಂದು ಐದು ವಾರವಾಗಿತ್ತು. ನಾಲ್ಕು ದಿನ ಮಲಗಿ ಎದ್ದೆ. ಎದ್ದ ಮೊದಲ ದಿನ ಒಗ್ಗರಣೆ ಹಾಕಿದಾಗ ಸಾಸಿವೆ ಸಿಡಿದದ್ದು ಕೇಳಿಸಿತು, ಹೊಗೆ ಕಣ್ಣಿಗೆ ಹೋಗಿ ನೀರು ಬಂತು, ವಾಸನೆ ಮಾತ್ರ ಬರಲಿಲ್ಲ. ಶೀತ ಇರಬೇಕೆಂದುಕೊಂಡೆ. ವಾರ ಕಳೆಯಿತು, ಶೀತ ಹೋಯಿತು, ವಾಸನೆ ಬರಲಿಲ್ಲ. ಯಾರಿಗೂ ಹೇಳದೆ ದಿನ ದೂಡಿದೆ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ನಮ್ಮ ಕಡೆಯ ಅಡುಗೆಯವರ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಅಪ್ಪ ಕರಾವಳಿಯ ಒಂದು ದೇವಸ್ಥಾನದ ಅಡುಗೆಮನೆಯಲ್ಲಿ ಕೆಲಸ ಕಲಿತವರು. ಅಲ್ಲಿ ನೈವೇದ್ಯವಾಗುವ ತನಕ ಏನನ್ನೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಉಪ್ಪು ಕೈಯಳತೆ, ಹುಣಸೆಹುಳಿ ಕಣ್ಣಳತೆ. ಬೇಳೆ ಬೆಂದದ್ದು, ಮಸಾಲೆಯ ಹಸಿ ಹೋದದ್ದು, ಒಗ್ಗರಣೆ ಹದಕ್ಕೆ ಬಂದದ್ದು, ತಳ ಹಿಡಿಯಲು ಹೊರಟದ್ದು, ಎಲ್ಲವೂ ಮೂಗಿಗೆ ತಿಳಿಯಬೇಕು. ದೇವರಿಗೆ ಇಡುವುದನ್ನು ಮೂಸಲೂಬಾರದು ಎನ್ನುವ ಮಡಿವಂತರೂ ಇದ್ದರಂತೆ. "ನಾನೆಲ್ಲಿ ಮೂಸ್ತೇನೆ? ಅದೇ ಬಂದು ಮೂಗಿಗೆ ತಾಗಿದ್ರೆ ನಾನೆಂತ ಮಾಡುದು?" ಎಂದು ಅಪ್ಪ ಅವರ ಬಾಯಿ ಮುಚ್ಚಿಸುತ್ತಿದ್ದರು.

ಅಪ್ಪ ಗುಜರಾತಿಗೆ ಬಂದು ಹೋಟೆಲು ಇಟ್ಟರು. ಹೋಟೆಲಿನ ಸಾಂಬಾರಿಗೆ ನೈವೇದ್ಯವೂ ಇಲ್ಲ, ಮಡಿಯೂ ಇಲ್ಲ. ಆದರೂ ಅವರು ಒಂದು ದಿನ ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದವರಲ್ಲ. ನನಗೂ ಬಿಡಲಿಲ್ಲ. ನೆಕ್ಕಿ ನೋಡಿ ಉಪ್ಪು ಹಾಕುವವರನ್ನು ಕಂಡರೆ ನಮಗಿಬ್ಬರಿಗೂ ತಾತ್ಸಾರ. ಇಲ್ಲಿಯ ಜನರಿಗೆ ಸಾಂಬಾರಿನಲ್ಲಿ ಬೆಲ್ಲ ಮುಂದಾಗಿರಬೇಕು. ಆ ಬೆಲ್ಲವನ್ನೂ ನಾವು ರುಚಿ ನೋಡದೆ, ಕುದಿಯುವಾಗ ಬರುವ ವಾಸನೆಯಿಂದಲೇ ಹದ ಮಾಡುತ್ತಿದ್ದೆವು. ಅಪ್ಪ ಹೋದ ಮೇಲೂ ನಾನು ಹಾಗೆಯೇ ನಡೆಸಿಕೊಂಡು ಬಂದೆ. ಅದು ನನ್ನ ಗರ್ವ. ಬೇರೆ ಗರ್ವಪಡಲು ನನ್ನಲ್ಲಿ ಏನಿತ್ತು?

ಆ ದಿನ ಬೇರೆ ಯಾವ ಹೋಟೆಲಿನವನಾದರೂ ಒಂದು ಚಮಚ ಚಟ್ನಿ ಬಾಯಿಗೆ ಹಾಕಿಕೊಂಡು ನೋಡುತ್ತಿದ್ದ. ಹಳಸಿದ ಹುಳಿ ನಾಲಿಗೆಗೇ ತಿಳಿಯುತ್ತದೆ, ಅದಕ್ಕೆ ಮೂಗು ಬೇಡ. ಐದು ವಾರ ವಾಸನೆಯಿಲ್ಲದೆ ಅಡುಗೆ ಮಾಡಿದರೂ ಬಾಯಿಗೆ ಹಾಕಿ ನೋಡಬಹುದು ಎಂಬುದು ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಇದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮರುದಿನ ಬಾಗಿಲು ತೆರೆಯುವ ಮೊದಲು, ಹೆಂಡತಿ ನೋಡುತ್ತಿದ್ದಂತೆ, ಹುಟ್ಟಿದ ಮೇಲೆ ಮೊದಲ ಬಾರಿಗೆ ನನ್ನದೇ ಸಾಂಬಾರನ್ನು ಒಲೆಯ ಮುಂದೆ ನಿಂತು ರುಚಿ ನೋಡಿದೆ. ಬಿಸಿ ಇತ್ತು. ಉಪ್ಪಿತ್ತು, ಹುಳಿಯಿತ್ತು, ಸಿಹಿಯಿತ್ತು, ಖಾರ ಗಂಟಲಿಗೆ ಹತ್ತಿತು. ಸಾಂಬಾರು ಇರಲಿಲ್ಲ. ಕೊತ್ತಂಬರಿ ಬೀಜ, ಮೆಂತ್ಯ, ಇಂಗು, ಕರಿಬೇವು ಯಾವುದೂ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದೆ. ಅವಳು ನಂಬಿದ ಹಾಗೆ ಮಾಡಿದಳು.

ಡಾಕ್ಟರು ಮೂಗಿನೊಳಗೆ ದೀಪ ಹಾಕಿ ನೋಡಿದರು. ಎಲ್ಲ ಸರಿಯಿದೆ ಎಂದರು. ಸರಿಯಿದ್ದರೆ ವಾಸನೆ ಯಾಕಿಲ್ಲ ಎಂದು ಕೇಳಿದೆ. ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ, ಕೆಲವರಿಗೆ ಬರುವುದಿಲ್ಲ ಎಂದರು. ನಾನು ಯಾವ ಗುಂಪು ಎಂದು ಕೇಳಿದೆ. ಅದು ಹೇಳಲು ಬರುವುದಿಲ್ಲ ಎಂದರು. ಪಾಪ, ಅವರ ತಪ್ಪಲ್ಲ. ಆದರೂ ಬರುವ ದಾರಿಯುದ್ದಕ್ಕೂ ರಿಕ್ಷಾದಲ್ಲಿ ಕೂತು ಅವರನ್ನು ಬೈದೆ. ಲವಂಗ, ನಿಂಬೆ, ಕಾಫಿಪುಡಿ, ಇಂಗು ಇವನ್ನು ದಿನಕ್ಕೆರಡು ಸಲ ಮೂಸಬೇಕು, ಮೂಸುವಾಗ ಆ ವಾಸನೆಯನ್ನು ನೆನಪಿಸಿಕೊಳ್ಳಬೇಕು ಎಂದು ಹೇಳಿಕೊಟ್ಟಿದ್ದರು. ಮಾಡಿದೆ. ಕಾಫಿಪುಡಿ ಮೂಸಿ ಕಾಫಿಯನ್ನು ನೆನೆಯುವುದು ಎಂಥ ಶಿಕ್ಷೆ ಎಂಬುದು ಮಾಡಿದವರಿಗೇ ಗೊತ್ತು.

ಸಲಹೆಗಳಿಗೇನೂ ಕೊರತೆಯಿರಲಿಲ್ಲ. ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಕೆಲಸದಲ್ಲಿರುವ ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಗೆ ಹತ್ತಿಕೊಳ್ಳುತ್ತದೆ. ಫೋನಿನಲ್ಲಿ, "ಅಪ್ಪಾ, ಟೈಮರ್ ಇಟ್ಟುಕೊಳ್ಳಿ ನಾ, ಸಬ್ ಕುಛ್ ಗ್ರಾಮ್ ಲೆಕ್ಕ ಮಾಡಿ ಹಾಕಿ, ದೆನ್ ಸ್ಮೆಲ್ ಬೇಕಾಗೂದೇ ಇಲ್ಲ," ಎಂದಳು. ಸೂರತ್ತಿನ ಅಡಾಜಣ್‌ನಲ್ಲಿ ಹೋಟೆಲಿಟ್ಟಿರುವ ನನ್ನ ಭಾವ, ಹೆಂಡತಿಯ ಅಣ್ಣ, ಊರಿನಿಂದ ಒಬ್ಬರು ಅಡುಗೆಭಟ್ಟರನ್ನು ಕರೆಸಿಕೊಡುತ್ತೇನೆ ಎಂದರು. "ನೀವು ಆರಾಮಲ್ಲಿ ಗಲ್ಲಾದಲ್ಲಿ ಕೂತ್ಕೊಳ್ಳಿ ಭಾವ, ಎಷ್ಟು ವರ್ಷ ಬೆಂಕಿ ಎದುರು ನಿಲ್ಲುದು?" ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಅದು ಹೆಣ ಎತ್ತಲು ಬಂದವರ ಮಾತಿನ ಹಾಗೆ ಕೇಳಿಸಿತು. ಅಡುಗೆಮನೆ ಬಿಟ್ಟರೆ ನಾನು ಯಾರು? ಗಲ್ಲಾದಲ್ಲಿ ಕೂತ ಐವತ್ತೆಂಟು ವರ್ಷದ ಒಬ್ಬ ಮುದುಕ. ಭಟ್ಟರು ಬೇಡ ಎಂದೆ. ಟೈಮರ್ ಮಾತ್ರ ತರಿಸಿದೆ, ಮಗಳಿಗೆ ಹೇಳಲಿಲ್ಲ.

ನಿಜ ಹೇಳಬೇಕೆಂದರೆ, ಸಾಕಾಗಿತ್ತು. ಎಲ್ಲ ಬಂದ್ ಆದ ತಿಂಗಳುಗಳನ್ನು ಹೇಗೋ ದಾಟಿದ್ದೆವು. ಬಾಗಿಲ ಮುಂದಿನ ರಸ್ತೆಯನ್ನು ಪೈಪಿಗೆಂದು ಅಗೆದು ಅರ್ಧ ವರ್ಷ ಹಾಗೇ ಬಿಟ್ಟಿದ್ದನ್ನು ದಾಟಿದ್ದೆವು. ಒಂದು ಮಳೆಗಾಲ ಊರಿಗೆಲ್ಲ ನೀರು ನುಗ್ಗಿ, ಮೂರು ದಿನ ಹಾಲೂ ಇಲ್ಲ ಗಿರಾಕಿಯೂ ಇಲ್ಲ ಎಂಬಂತಾಗಿದ್ದನ್ನೂ ದಾಟಿದ್ದೆವು. ಪ್ರತಿಸಲವೂ ಇನ್ನು ಮುಂದೆ ಸರಿಹೋಗುತ್ತದೆ ಎಂದುಕೊಂಡೆ. ಅವೆಲ್ಲ ಹೊರಗಿನಿಂದ ಬಂದವು, ಬಂದ ಹಾಗೆ ಹೋದವು. ಇದು ನನ್ನ ಮುಖದ ನಡುವೆಯೇ ಬಂದು ಕೂತಿತ್ತು. ಏಳುತ್ತದೋ ಇಲ್ಲವೋ ಹೇಳುವವರಿಲ್ಲ.

ಹೆಂಡತಿ ಗಲ್ಲಾ ಬಿಟ್ಟು ಅಡುಗೆಮನೆಯ ಹೊಸ್ತಿಲಿಗೆ ಬಂದಳು. ನಾನು ಒಲೆಯ ಹತ್ತಿರ, ಅವಳು ಹೊಸ್ತಿಲ ಮೇಲೆ ಒಂದು ಸ್ಟೂಲು ಹಾಕಿಕೊಂಡು. ನಾನು ಕೇಳುವುದು, ಅವಳು ಹೇಳುವುದು.

"ಹಸಿ ಹೋಯ್ತಾ?"

"ಇನ್ನೂ ಸ್ವಲ್ಪ ಉಂಟು."

"ಈಗ?"

"ಈಗ ಚೆಂದ ಪರಿಮಳ ಬರ್ತಾ ಉಂಟು."

"ಚೆಂದ ಅಂದ್ರೆ ಎಂತ? ಮೆಂತ್ಯ ಮುಂದೆ ಉಂಟಾ, ಕೊತ್ತಂಬರಿ ಮುಂದೆ ಉಂಟಾ?"

"ನಂಗೊತ್ತಿಲ್ಲ ಮಾರಾಯ್ರೆ. ಸಾಂಬಾರಿನ ವಾಸನೆ ಬರ್ತಾ ಉಂಟು, ಪಾಯಸದ್ದು ಬರ್ತಾ ಇಲ್ಲ. ಅಷ್ಟು ಸಾಲದಾ ನಿಮ್ಗೆ?"

ಮೊದಲ ತಿಂಗಳು ದಿನವೂ ಜಗಳ. ಅವಳ ಮೂಗಿಗೆ ಸರಿಯೆನಿಸಿದ್ದು ನನ್ನ ಸಾಂಬಾರು ಅಲ್ಲ, ಅವಳ ತಾಯಿಮನೆಯದು ಎಂಬ ಗುಮಾನಿ ನನಗೆ. ಒಂದು ದಿನ ಅವಳು ಸ್ಟೂಲು ತಳ್ಳಿ ಎದ್ದೇಬಿಟ್ಟಳು. "ಮೂಗು ನಂದು, ಬುದ್ಧಿ ನಿಮ್ದು, ಹೀಗಾದ್ರೆ ಆಗುದಿಲ್ಲ. ಒಂದೋ ನಾನು ಹೇಳಿದ್ದು ನಂಬಿ, ಇಲ್ಲಾ ನನ್ನನ್ನು ಬಿಡಿ." ಅವಳಿಗೂ ಮಂಡಿನೋವು, ಬೆಳಗಿನ ನಾಲ್ಕೂವರೆಗೆ ಏಳುವುದು ಅವಳಿಗೂ ಸುಲಭವಲ್ಲ. ಅವತ್ತಿನಿಂದ ನಾನು ಒಂದು ಪ್ರಶ್ನೆ ಕಡಿಮೆ ಕೇಳಲು ಕಲಿತೆ. ನಂಬಿದೆ ಎಂದಲ್ಲ, ವಾದ ಮಾಡುವ ತ್ರಾಣ ಉಳಿದಿರಲಿಲ್ಲ. ಆ ಸೂಪರ್‌ವೈಸರ್ ವಾರ ಬಿಟ್ಟು ಮತ್ತೆ ಬಂದರು, ಬರುತ್ತಲೇ ಇದ್ದರು. ಸಾಂಬಾರು ಮೊದಲಿನ ಹಾಗಿದೆಯೇ ಎಂದು ಒಮ್ಮೆ ಕೇಳಿದ್ದಕ್ಕೆ, "ಥೋಡಾ ಅಲಗ್ ಹೈ, ಅಚ್ಛಾ ಹೈ," ಎಂದರು. ಆ ಬೇರೆ ಎಂಥದ್ದೆಂದು ನನಗೆ ಗೊತ್ತಾಗುವಂತಿಲ್ಲ.

ಹೋಟೆಲಿನಲ್ಲಿ ಹೀಗೆ ಹೇಗೋ ನಡೆಯಿತು. ನನ್ನನ್ನು ಹಗಲೂ ಇರುಳೂ ಕೊರೆಯುತ್ತಿದ್ದದ್ದು ಶ್ರಾವಣದ ಪೂಜೆ. ವರ್ಷಕ್ಕೊಮ್ಮೆ ಈ ಊರಿನಲ್ಲಿರುವ ನಮ್ಮ ಕಡೆಯ ಕುಟುಂಬಗಳೆಲ್ಲ ಒಂದು ಹಾಲ್ ಬಾಡಿಗೆಗೆ ಹಿಡಿದು ಸತ್ಯನಾರಾಯಣ ಪೂಜೆ ಮಾಡಿಸುತ್ತೇವೆ. ನನ್ನಂಥ ಹೋಟೆಲಿನವರು, ಸಂಶೋಧನಾ ಸಂಸ್ಥೆಗಳಲ್ಲಿ, ಸರಕಾರಿ ಕಂಪನಿಗಳಲ್ಲಿ ಇರುವವರು, ಎಲ್ಲರೂ ಸೇರಿದರೆ ನೂರೈವತ್ತು ಎಲೆ. ಅಡುಗೆ ಮೊದಲು ಅಪ್ಪನದು, ಆಮೇಲೆ ನನ್ನದು. ಅಲ್ಲಿ ಅಡುಗೆ ಮಡಿಯಲ್ಲಿ ಆಗಬೇಕು, ನೈವೇದ್ಯದ ಮೊದಲು ನಾಲಿಗೆಗೆ ಮುಟ್ಟಿಸುವಂತಿಲ್ಲ. ಅಂದರೆ ಹೋಟೆಲಿನಲ್ಲಿ ಕಲಿತ ಹೊಸ ವಿದ್ಯೆಯೂ ಅಲ್ಲಿ ನಡೆಯದು. ಈ ವರ್ಷ ಆಗುವುದಿಲ್ಲ ಎಂದು ಹೇಳಿಬಿಡಲು ನಾಲ್ಕು ಸಲ ಫೋನು ಕೈಗೆತ್ತಿಕೊಂಡೆ. ನಾಲ್ಕು ಸಲವೂ ಕೆಳಗಿಟ್ಟೆ. ಅಲ್ಲಿ ಸೌಟು ಬಿಟ್ಟರೆ ಮತ್ತೆ ಹಿಡಿಯಲಿಕ್ಕಿಲ್ಲ ಎಂದು ಗೊತ್ತಿತ್ತು.

"ನಾನು ಬಾಗಿಲ ಹತ್ರ ನಿಂತ್ಕೊಳ್ತೇನೆ. ಇಲ್ಲಿ ಹೇಳಿದ ಹಾಗೆ ಹೇಳ್ತೇನೆ. ಯಾರಿಗೂ ಗೊತ್ತಾಗುದಿಲ್ಲ," ಎಂದಳು ಹೆಂಡತಿ. ಅದೇ ಧೈರ್ಯದಲ್ಲಿ ಒಪ್ಪಿಕೊಂಡೆ.

ಪೂಜೆಯ ಹಿಂದಿನ ದಿನ ಅವಳಿಗೆ ಶೀತವಾಯಿತು. ಸಣ್ಣ ಶೀತವಲ್ಲ. ಮೂಗು ಕಟ್ಟಿ, ಕಣ್ಣು ಕೆಂಪಾಗಿ, ಮಾತಾಡಿದರೆ ಡಬ್ಬಿಯೊಳಗಿನಿಂದ ಕೇಳಿದ ಹಾಗೆ. ಕಷಾಯ ಕುಡಿದಳು, ಹಬೆ ತೆಗೆದುಕೊಂಡಳು, ಬೆಳಗ್ಗೆ ಇಂಗಿನ ಡಬ್ಬಿ ಮೂಸಿ ನೋಡಿದಳು. ತಲೆ ಅಲ್ಲಾಡಿಸಿದಳು. ನನಗೆ ಮೊದಲು ಬಂದದ್ದು ಸಿಟ್ಟು. ಇಡೀ ವರ್ಷದಲ್ಲಿ ಇವತ್ತೇ ಬರಬೇಕಿತ್ತೇ ಎಂದು ಕೇಳಿಯೂ ಕೇಳಿದೆ, ಅವಳೇ ಬರಿಸಿಕೊಂಡವಳ ಹಾಗೆ. ಅವಳು ಮುಖಕ್ಕೆ ಶಾಲು ಸುತ್ತಿಕೊಂಡು, "ಹೊರಡಿ, ಹೊತ್ತಾಯ್ತು," ಎಂದಳು. ಆಮೇಲೆ ನನಗೆ ನಗುವೂ ಬಂತು. ಎರವಲು ತಂದ ಮೂಗೂ ಕೈಕೊಟ್ಟಿತ್ತು.

ಹಾಲ್‌ನ ಹಿಂದಿನ ಅಡುಗೆಮನೆಯಲ್ಲಿ ನಾನೊಬ್ಬನೇ. ತರಕಾರಿ ಹೆಚ್ಚಿ ಕೊಟ್ಟವರು ಹೊರಗೆ. ಅವರಲ್ಲಿ ಯಾರನ್ನಾದರೂ ಬಾಗಿಲಿಗೆ ಕರೆದು ವಾಸನೆ ಹೇಗಿದೆ ಎಂದು ಕೇಳಬಹುದಿತ್ತು. ಕೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಕೇಳಲಿಲ್ಲ. ಗಡಿಯಾರ ನೋಡಿದೆ, ಬಣ್ಣ ನೋಡಿದೆ, ಕುದಿಯುವ ಸದ್ದು ಕೇಳಿದೆ. ಗಟ್ಟಿಯಾಗುತ್ತ ಬಂದ ತರಕಾರಿ ಹುಳಿಯ ಗುಳ್ಳೆ ನಿಧಾನವಾಗಿ ಒಡೆಯುತ್ತದೆ. ಮೂಗಿದ್ದಾಗ ಇದನ್ನೆಲ್ಲ ಗಮನಿಸುವ ಅಗತ್ಯವೇ ಬಿದ್ದಿರಲಿಲ್ಲ. ಸಾರಿಗೆ ಒಗ್ಗರಣೆ ಹಾಕಿ ಮುಚ್ಚಿದೆ. ಪೂಜೆಯ ಪ್ರಸಾದವಾದ ಸಪಾದ ಭಕ್ಷ್ಯಕ್ಕೆ ರವೆ ಹುರಿಯುವಾಗ ಮಾತ್ರ ಉರಿ ತೀರಾ ತಗ್ಗಿಸಿದೆ. ರವೆ ಹದವಾದದ್ದನ್ನು ಬಣ್ಣಕ್ಕಿಂತ ಮೊದಲು ವಾಸನೆ ಹೇಳುತ್ತದೆ. ಬಣ್ಣ ಹೇಳುವಷ್ಟರಲ್ಲಿ ತಡವಾಗಿರುತ್ತದೆ.

ಎಲ್ಲ ಇಳಿಸಿದ ಮೇಲೆ ಒಂದು ಗಳಿಗೆ ಯಾರೂ ಇರಲಿಲ್ಲ. ಸೌಟಿನಿಂದ ಅಂಗೈಗೆ ಒಂದಿಷ್ಟು ಸಾರು ಹಾಕಿಕೊಂಡೆ. ಯಾರು ನೋಡುತ್ತಾರೆ? ಉಪ್ಪಾದರೂ ತಿಳಿಯುತ್ತದೆ. ಅಂಗೈ ಸುಡುತ್ತಿತ್ತು. ನೆಕ್ಕಲಿಲ್ಲ. ಭಕ್ತಿಯಿಂದ ನಿಲ್ಲಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಉಪ್ಪು ನನ್ನ ಕೈಗೆ ಗೊತ್ತಿತ್ತು. ನನಗೆ ಬೇಕಾಗಿದ್ದದ್ದು ಪರಿಮಳ, ಅದನ್ನು ನಾಲಿಗೆ ಹೇಳುವುದಿಲ್ಲ. ಇಷ್ಟು ತಿಂಗಳು ಹೆದರಿ, ಮುಚ್ಚಿಟ್ಟು, ಲೆಕ್ಕ ಹಾಕಿ ಸುಸ್ತಾಗಿದ್ದೆ. ಕೈ ತೊಳೆದುಕೊಂಡೆ.

ಪುರೋಹಿತರು ಬಂದು, "ನೈವೇದ್ಯ ತಯಾರಾ?" ಎಂದು ಕೇಳಿದರು. ನನ್ನ ವಯಸ್ಸಿನವರು, ಅಪ್ಪನ ಕಾಲದಿಂದ ಪರಿಚಯ.

"ತಯಾರು. ಹೇಗಾಗಿದೆ ಅಂತ ಮಾತ್ರ ನಂಗೆ ಗೊತ್ತಿಲ್ಲ."

ಅವರು ನಕ್ಕರು. "ಯಾವ ವರ್ಷ ಗೊತ್ತಿತ್ತು ಮಾರಾಯ್ರೆ? ರುಚಿ ನೋಡ್ಲಿಕ್ಕುಂಟಾ?"

"ಹಾಗಲ್ಲ. ಏಪ್ರಿಲಿನಿಂದ ನಂಗೆ ವಾಸನೆ ಇಲ್ಲ. ಏನೂ ಇಲ್ಲ."

ಹೇಳಿಬಿಟ್ಟಿದ್ದೆ. ಬಾಗಿಲಲ್ಲಿ ಬಾಳೆಎಲೆ ಒರೆಸುತ್ತಿದ್ದ ಇಬ್ಬರು ತಲೆಯೆತ್ತಿದರು. ಪುರೋಹಿತರ ನಗು ನಿಂತಿತು. ಪಾತ್ರೆಗಳನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮೂಗಿಗಾದರೂ ಏನೋ ತಿಳಿದಿರಬೇಕು, ಹೇಳಲಿಲ್ಲ. ನಾನೂ ಕೇಳಲಿಲ್ಲ. "ಎಲೆಗೆ ಬಡಿಸಿ ತನ್ನಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಮಂಗಳಾರತಿಯಾಗಿ ಪಂಕ್ತಿ ಕೂರುವಷ್ಟರಲ್ಲಿ ಸುದ್ದಿ ಹಾಲ್‌ನ ತುದಿಯವರೆಗೆ ಹೋಗಿತ್ತು. ಬಡಿಸುತ್ತ ಹೋದಂತೆ ಎಲ್ಲರೂ ಬಹಳ ಚೆನ್ನಾಗಿದೆ ಎನ್ನತೊಡಗಿದರು, ಬಾಯಿಗೆ ತುತ್ತು ಹಾಕುವ ಮೊದಲೇ. ಕಾಯಿಲೆಯವರನ್ನು ಮಾತಾಡಿಸುವ ದನಿ. ಅದನ್ನು ಕೇಳಿದಾಗ ನನಗೆ ಓಡಿಹೋಗಬೇಕೆನಿಸಿತು. ಮೂರನೆಯ ಸಾಲಿನಲ್ಲಿ ಒಬ್ಬರು ಅಜ್ಜಿ, ಮಗ ಇಲ್ಲಿ ಕೆಲಸದಲ್ಲಿದ್ದಾನೆಂದು ಊರಿನಿಂದ ಬಂದು ಇಲ್ಲೇ ಉಳಿದವರು, ನನ್ನ ಕೈಯಲ್ಲಿದ್ದ ಸೌಟಿಗೆ ಕೈ ಅಡ್ಡ ಹಿಡಿದರು.

"ಹುಳಿ ಬೇಡ ಮಾಣಿ. ತಳ ಹಿಡಿದಿದೆ, ಸೀದ ವಾಸನೆ ಉಂಟು. ಸಾರು ಇನ್ನೊಮ್ಮೆ ತಾ, ಲಾಯ್ಕಾಗಿದೆ. ಭಕ್ಷ್ಯವೂ ಅಡ್ಡಿಲ್ಲ."

ಐವತ್ತೆಂಟು ವರ್ಷದವನನ್ನು ಸಣ್ಣ ಹುಡುಗನ ಹಾಗೆ ಮಾಣಿ ಎಂದು ಕರೆಯುವವರು ಇನ್ನು ಎಷ್ಟು ಮಂದಿ ಇದ್ದಾರೆ? ಪಕ್ಕದಲ್ಲಿದ್ದ ಅವರ ಸೊಸೆ ನಾಚಿ ಕೆಂಪಾದಳು. ನನಗೆ ಕಾಲು ಮುಟ್ಟಿ ನಮಸ್ಕಾರ ಮಾಡುವಷ್ಟು ಸಮಾಧಾನವಾಯಿತು. ನಾಲ್ಕು ತಿಂಗಳಲ್ಲಿ ನನ್ನ ಅಡುಗೆಯ ಬಗ್ಗೆ ಒಬ್ಬರು ಪೂರಾ ನಿಜ ಹೇಳಿದ್ದರು. ಹುಳಿ ಸೀದಿತ್ತು. ಸಾರು ಸೀದಿರಲಿಲ್ಲ. ಗೊತ್ತಾಯಿತಲ್ಲ, ಸಾಕು. ಹುಳಿಯ ಪಾತ್ರೆ ಬದಿಗಿಟ್ಟು ಸಾರಿನ ಪಾತ್ರೆ ಹಿಡಿದುಕೊಂಡು ಬಂದೆ.

ಕೊನೆಯ ಪಂಕ್ತಿಯಲ್ಲಿ ನಾನೂ ಹೆಂಡತಿಯೂ ಕೂತೆವು. ಅವಳು ಶಾಲು ಸರಿಸಿ ಮೂಗು ಒರೆಸಿಕೊಂಡು ಅನ್ನಕ್ಕೆ ಸಾರು ಕಲಸಿದಳು. ಮದುವೆಯಾದ ದಿನದಿಂದ ನಾನು ಅವಳನ್ನು ಆ ಪ್ರಶ್ನೆ ಕೇಳಿದವನಲ್ಲ. ಹೋಟೆಲಿನ ಹೊಸ್ತಿಲಲ್ಲಿ ಕೇಳಿದ್ದು ಬೇರೆ, ಅದು ಕೆಲಸದ ಮಾತು. ಉಣ್ಣುವಾಗ ಕೇಳಿರಲಿಲ್ಲ.

"ಹೇಗಾಗಿದೆ?"

ಅವಳು ಒಂದು ತುತ್ತು ಜಗಿದು ನುಂಗಿದಳು. ಯೋಚಿಸಿದಳು.

"ಬಿಸಿ ಉಂಟು," ಎಂದಳು. "ನಿಮ್ಗೆ?"

"ನಂಗೂ ಅಷ್ಟೇ."

ಇಬ್ಬರೂ ಹಸಿದಿದ್ದೆವು. ಬೆಳಗ್ಗೆ ನಾಲ್ಕಕ್ಕೆ ಎದ್ದವರು ನಾವು. ಬಡಿಸುವವರನ್ನು ಕರೆದು ಇಬ್ಬರ ಎಲೆಗೂ ಇನ್ನೊಂದು ಸಲ ಅನ್ನ, ಸಾರು ಹಾಕಿಸಿದೆ.